ಸೊಟ್ಟ ತುತ್ತೂರಿ

ಯುದ್ಧಕ್ಕೆ ಲೋಹ ಬೇಕಾಗಿತ್ತು. ನಾಟಕ ಕಂಪನಿಯವರು ಟಿಕೆಟ್ಟಿನ ಬದಲು ಲೋಹದ ಸಾಮಾನು ಕೊಟ್ಟರೆ ಸಾಕು, ಹಾಡು ಕುಣಿತ ಎಲ್ಲ ನೋಡಬಹುದು ಎಂದು ಸಾರಿಸಿದರು. ಸಾರಿದವನು ಕಂಪನಿಯ ತುತ್ತೂರಿಯವನೇ. "ಮನೇಲಿ ಕೆಲ್ಸಕ್ಕೆ ಬಾರದ್ದು ಏನಿದ್ರೂ ಕೊಡಿ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ್ದನ್ನು ಅವನ ಅತ್ತೆ ಕಿಟಕಿಯಲ್ಲಿ ನಿಂತು ಮನಸ್ಸಿಟ್ಟು ಕೇಳಿದಳು.

ಆಟದ ದಿನ ಅವನು ಮಧ್ಯಾಹ್ನ ಮಲಗಿ ಎದ್ದರೆ ಗೋಡೆಯ ಮೊಳೆಯಲ್ಲಿ ತುತ್ತೂರಿ ಇಲ್ಲ.

"ಅತ್ತೆ, ಇಲ್ಲಿದ್ದಿದ್ದು ಎಲ್ಲಿ?"

"ಕೊಟ್ಬಂದೆ. ನೀನೇ ತಾನೆ ಬಾಯ್ ಬಡ್ಕೊಂಡಿದ್ದು? ಮುಂದಿನ ಸಾಲಲ್ಲೇ ಜಾಗ ಕೊಟ್ರು."

ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ನಾಟಕಶಾಲೆಯ ಅಂಗಳದಲ್ಲಿ ಬಾಣಲೆ, ಬಕೆಟ್ಟು, ಮಂಚದ ಕಾಲುಗಳ ಗುಡ್ಡ ಬೆಳೆದಿತ್ತು. ಪಕ್ಕದಲ್ಲಿ ಕಾವಲಿನ ಸಿಪಾಯಿ.

"ನನ್ನ ತುತ್ತೂರಿ ಅದ್ರಲ್ಲಿದೆ, ಅಣ್ಣಾ."

"ಬಿದ್ಮೇಲೆ ಅದು ಸೈನ್ಯದ್ದು. ನಿಂದು ಅನ್ನೋಕೆ ಗುರ್ತೇನು?"

"ಊದಿ ತೋರಿಸ್ತೀನಿ."

"ಊದು. ಎತ್ಕೊಂಡು ಓಡಿದ್ಯೋ, ಹುಷಾರ್!"

ಗುಡ್ಡ ಹತ್ತಿ ಹುಡುಕಿ ಎಳೆದರೆ, ಯಾರದೋ ಹಂಡೆ ಬಿದ್ದು ತುತ್ತೂರಿಯ ಕೊರಳು ಸೊಟ್ಟಗಾಗಿತ್ತು. ಕಣ್ಣೀರು ನುಂಗಿಕೊಂಡು ದಂಡಿನ ನಡಿಗೆಯ ರಾಗ ಊದಿದ. ಎಮ್ಮೆಗೆ ನೆಗಡಿಯಾದಂಥ ಸದ್ದು ಬಂತು. ಸಿಪಾಯಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ದಾರಿಹೋಕರು ನಿಂತರು. ಅವಮಾನಕ್ಕೆ ಇನ್ನೂ ಜೋರಾಗಿ ಊದಿದಾಗ ಕಾಲಡಿಯ ಬಕೆಟ್ಟು ಜಾರಿತು. ಕೂತ ಹಾಗೇ ಸರ್ರನೆ ಕೆಳಕ್ಕೆ ಬಂದ. ಊದುವುದನ್ನು ಮಾತ್ರ ಬಿಡಲಿಲ್ಲ.

"ಇನ್ನೊಂದ್ಸಲ!" ಎಂದು ಜನ ಕೂಗಿದರು. ಮನೆಗಳಿಗೆ ಓಡಿ, ಕೈಗೆ ಸಿಕ್ಕ ತಪ್ಪಲೆ ಸೌಟುಗಳನ್ನು ತಂದು ಸುರಿದರು. ಕಂಪನಿಯ ಯಜಮಾನ ಇದನ್ನು ಕಂಡವನೇ ಒಳಗಿನ ಆಟ ರದ್ದು ಮಾಡಿ ನಟಿಯರನ್ನೂ ಗುಡ್ಡ ಹತ್ತಿಸಿದ. ಮುಂದಿನ ಸಾಲು ಕೈತಪ್ಪಿದ ಅತ್ತೆ ವಾರವಿಡೀ ಮುಖ ಊದಿಸಿಕೊಂಡಿದ್ದಳು.

ಸೈನ್ಯ ತುತ್ತೂರಿಯನ್ನು ಅವನಿಗೆ ಎರವಲು ಕೊಟ್ಟಿತು, ಸೊಟ್ಟ ತಿದ್ದಬಾರದು ಎಂಬ ಷರತ್ತಿನ ಮೇಲೆ. ಲೋಹ ಕೂಡಿಸಲು ಊರೂರು ಸುತ್ತಿ ಊದಿದ. ಎಲ್ಲರೂ ನಕ್ಕರು, ಅವನೊಬ್ಬನಿಗೆ ಮಾತ್ರ ಒಂದು ಸಲವೂ ನಗು ಬರಲಿಲ್ಲ. ಇಷ್ಟು ವರ್ಷ ಕಲಿತ ವಿದ್ಯೆ ಹೀಗಾಯಿತಲ್ಲ!

ಒಮ್ಮೆ ಗಾಯಾಳುಗಳ ಆಸ್ಪತ್ರೆಯಲ್ಲಿ ಊದುವಾಗ, ಬಂದಾಗಿನಿಂದ ಯಾರೊಡನೆಯೂ ಮಾತಾಡದಿದ್ದ ಸೈನಿಕನೊಬ್ಬ ನಕ್ಕು ನಕ್ಕು ಹೊಲಿಗೆ ಬಿಚ್ಚಿಕೊಂಡ. ಡಾಕ್ಟರು ಕೆಂಡವಾದರು. "ಹೊರಗ್ ಹೋಗ್ರಿ ನೀವು!"

"ಡಾಕ್ಟ್ರೇ," ಎಂದ ಸೈನಿಕ ನರಳುತ್ತಲೇ, "ನೀವು ಹೊಲೀರಿ. ಅವ್ರು ಊದ್ಲಿ."

ತುತ್ತೂರಿಯವನು ತುಟಿಗೆ ಇಟ್ಟ. ಆದರೆ ನಗು ಒತ್ತರಿಸಿ ಬಂದು ಅವನಿಗೇ ಊದಲಾಗಲಿಲ್ಲ.