ಗಂಟೆಗೊಂದು ಹನಿ

“ತಲೆ ಮ್ಯಾಲ್ ಸುರ್ಕೊಳ್ಳೇ,” ಎಂದು ಸೋದರಮಾವ ದೊಡ್ಡಹನುಮಯ್ಯ ತುಂಬಿದ ಬಿಂದಿಗೆಯನ್ನು ಮುಂದಕ್ಕೆ ತಳ್ಳಿದಾಗ ವೆಂಕಟಲಕ್ಷ್ಮಿ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹಿಂದೆ ಸರಿದಳು. ಅವ್ವನ ಹೆಣವನ್ನು ಸ್ನಾನಕ್ಕೆಂದು ಅಂಗಳದ ಹಲಗೆಯ ಮೇಲೆ ಮಲಗಿಸಿದ್ದರು. ಮಗಳು ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಮೊದಲ ನೀರು ಹಾಕಬೇಕಿತ್ತು.

“ಕುತ್ಗೆಯಿಂದ ಕೆಳಕ್ಕೆ ಹುಯ್ಕೊತೀನಿ ಮಾವ. ಕಣ್ಣಿಗೆ ನೀರು ಬೀಳ್ಬಾರ್ದು ಅಂದವ್ರೆ.”

“ಹೆತ್ತವ್ವ ಸತ್ತವ್ಳೆ, ಇವ್ಳಿಗೆ ಕಣ್ಣಿನ್ ಚಿಂತೆ. ಅಳಕ್ಕೂ ಡಾಕ್ಟ್ರನ್ನ ಕೇಳ್ಬೇಕೇನೋ.”

“ಕೇಳವ್ಳೆ ಮಾವ. ಬ್ಯಾಡ ಅಂದವ್ರಂತೆ,” ಎಂದಳು ಅಣ್ಣನ ಹೆಂಡತಿ ಮುನಿಯಮ್ಮ. ಯಾರೋ ಸೆರಗು ಅಡ್ಡ ಹಿಡಿದು ನಕ್ಕರು.

ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕಡ್ಡಿ ತಗುಲಿ ಕಣ್ಣಿಗೆ ಬೂಷ್ಟು ಹಿಡಿದಿತ್ತು. ಗಂಟೆಗೊಮ್ಮೆ ಔಷಧದ ಹನಿ ಬೀಳದಿದ್ದರೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಕುತ್ತಿದ್ದವಳು ಅವ್ವ ಮಾರಕ್ಕ. ಬೆಳಗಿನ ಹನಿ ಹಾಕಿ ಕೈ ತೊಳೆಯಲು ಹೋದವಳು ಬಚ್ಚಲಲ್ಲೇ ಕುಸಿದಿದ್ದಳು. ಆಮೇಲೆ ವೆಂಕಟಲಕ್ಷ್ಮಿ ತಾನೇ ಹಾಕಿಕೊಳ್ಳಲು ಹೋದರೆ ರೆಪ್ಪೆ ತೆರೆಯಲೇ ಇಲ್ಲ. ಔಷಧವೆಲ್ಲ ಕೆನ್ನೆಗೆ ಹರಿಯಿತು.

*

ಮಾರಕ್ಕ ಬಿಡದಿಯ ಒಂದು ಲ್ಯಾಬಿನಲ್ಲಿ ಮೊಲ ನೋಡಿಕೊಳ್ಳುತ್ತಿದ್ದಳು. ಪ್ರತಿ ಮೊಲದ ಒಂದು ಕಣ್ಣಿಗೆ ಬೂಷ್ಟು ಹತ್ತಿಸುತ್ತಿದ್ದರು. ಮೇಲಿನ ಸಾಲಿನ ಗೂಡುಗಳಿಗೆ ಹೊಸ ಔಷಧ, ಕೆಳಗಿನ ಸಾಲಿಗೆ ಬರೀ ಉಪ್ಪುನೀರು. ಔಷಧದಿಂದಲೇ ವಾಸಿಯಾಯಿತೆಂದು ತಿಳಿಯಬೇಕಾದರೆ, ಔಷಧವಿಲ್ಲದ ಕಣ್ಣು ಏನಾಗುತ್ತದೆಂದೂ ನೋಡಬೇಕಿತ್ತು. ಆ ಕಣ್ಣುಗಳು ಹಾಲು ಕಟ್ಟಿದಂತೆ ಬೆಳ್ಳಗಾಗುತ್ತಿದ್ದವು.

ಕೆಳಗಿನ ಸಾಲಿನ ಮೊಲವೊಂದು ಅವಳ ಮೊಣಕೈ ಸಂದಿಗೆ ಮೂತಿ ತೂರಿಸುತ್ತಿತ್ತು. ಅದಕ್ಕೆ ಕದ್ದು ಔಷಧ ಬಿಟ್ಟಳು. ಒಂದಕ್ಕೆ ಬಿಟ್ಟ ಮೇಲೆ ಪಕ್ಕದವಕ್ಕೂ ಬಿಡದೆ ಇರಲಾಗಲಿಲ್ಲ. ಉಪ್ಪುನೀರಿನಲ್ಲೇ ಕಣ್ಣು ತಿಳಿಯಾದದ್ದು ಕಂಡು ಪರೀಕ್ಷೆಯನ್ನೇ ರದ್ದು ಮಾಡಿದರು. ಹೊಸ ಮೊಲಗಳು ಬಂದವು. ಅವುಗಳ ಕಣ್ಣಿಗೂ ಬೂಷ್ಟು ಹತ್ತಿಸಿದರು.

“ಒಂದ್ ಸಾಲು ಉಳ್ಸಕ್ಕೋಗಿ ಇನ್ನೊಂದ್ ರೂಮ್ ಮೊಲದ ಕಣ್ಣು ತೆಗ್ದೆ ಕಣವ್ವ,” ಎಂದಿದ್ದಳು ಮಗಳಿಗೆ, ಅಕ್ಕಿ ಆರಿಸುತ್ತ. ಮತ್ತೆ ಆ ಮಾತು ಎತ್ತಲಿಲ್ಲ. ಅಲ್ಲಿಂದಾಚೆಗೆ ಅವಳ ಕೈಯಲ್ಲಿ ಮುದ್ದು ಕಡಿಮೆಯಾಯಿತು. ಮಗಳ ಕಣ್ಣಿಗೆ ಹನಿ ಹಾಕುವಾಗಲೂ ದುಪ್ಪಟಿಯಲ್ಲಿ ಬಿಗಿಯಾಗಿ ಸುತ್ತಿ, ಮೊಣಕಾಲಿನಿಂದ ಅದುಮಿ ಹಿಡಿಯುತ್ತಿದ್ದಳು.

“ನೋವಾಯ್ತದೆ ಕಣವ್ವ, ನಾನೇನ್ ಮೊಲನಾ?”

“ಹೊತ್ತು ತಪ್ಪುದ್ರೆ ಏನಾಯ್ತದೆ ಅಂತ ನಾನ್ ನೋಡಿವ್ನಿ. ಸುಮ್ಕೆ ಮನಿಕೊ.”

*

ಚಟ್ಟ ಎತ್ತಿದರು. ತಮಟೆ ಶುರುವಾಯಿತು.

“ಹಾಲಿನ್ ಡೈರಿಗಂಟ ಬಂದು ವಾಪಸ್ ತಿರುಕ್ಕೊ,” ಎಂದ ಮಾವ. “ಮಗಳಾದೋಳು ಅಷ್ಟಾದ್ರೂ ನಡೀಬೇಕು.”

“ನೀವ್ ನಡೀರಿ. ಹನಿ ಹೊತ್ತಾಯ್ತು.”

“ಇದೊಂದ್ಸಲ ಬುಟ್ರೆ ಏನ್ ಮುಳುಗೋಯ್ತದೆ?”

“ಆಗ್ಲೇ ನಾಕು ಸಲ ಬುಟ್ಟಾಯ್ತು ಮಾವ.” ಚಟ್ಟದ ಬಿದಿರಿನ ಮೇಲಿಟ್ಟಿದ್ದ ಕೈಯನ್ನು ಅವಳು ತೆಗೆದಳು. ಮಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ತಮಟೆ ಬೀದಿಯ ತಿರುವಿನಲ್ಲಿ ಸಣ್ಣದಾಯಿತು.

ಸೊಪ್ಪಿನ ಮೂಟೆ, ಪಾತ್ರೆಗಳು ತುಂಬಿದ್ದ ನಡುಮನೆಯಲ್ಲಿ, ಬೆಳಗಿನಿಂದ ಹೆಣವಿದ್ದ ಜಾಗದಲ್ಲಿ ಮಾತ್ರ ಕಾಲು ಚಾಚುವಷ್ಟು ನೆಲ ಖಾಲಿಯಿತ್ತು. ವೆಂಕಟಲಕ್ಷ್ಮಿ ಅಲ್ಲೇ ಅಂಗಾತ ಮಲಗಿದಳು.

“ನಂಗೆ ಕೈ ನಡುಗ್ತದೆ ಕಣಮ್ಮಿ,” ಎಂದಳು ಔಷಧದ ಸೀಸೆ ಹಿಡಿದು ಬಂದ ಮುನಿಯಮ್ಮ.

“ನಡುಗ್ಲಿ. ರೆಪ್ಪೆ ಬುಡ್ಬೇಡ.”

ಹನಿ ಬಿತ್ತು, ಉರಿಯಿತು. ಔಷಧ ಇಂಗುವವರೆಗೆ ಅವಳು ಕಣ್ಣು ಮುಚ್ಚಿ, ಕೈಗಳನ್ನು ಪಕ್ಕಕ್ಕೆ ಚಾಚಿ, ಅಲುಗಾಡದೆ ಇರಬೇಕಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ದೊಡ್ಡಆಲಹಳ್ಳಿಯ ಬೋರಲಿಂಗಯ್ಯ, ಅವ್ವನ ಚಿಕ್ಕಪ್ಪನ ಮಗ, ಬಿಸಿಲಿನಿಂದ ನೇರ ಕತ್ತಲೆಯ ನಡುಮನೆಗೆ ಬಂದಿದ್ದ.

“ಬಸ್ಸು ಸಿಗ್ನಿಲ್ಲ ಕಣಕ್ಕ,” ಎಂದು ಮಲಗಿದ್ದವಳ ಕಾಲಬುಡದಲ್ಲಿ ಬಿಕ್ಕಿದ.

ಮುನಿಯಮ್ಮ ಸೀಸೆಗೆ ಮುಚ್ಚಳ ಹಾಕಿ ತಿರುಗುವಷ್ಟರಲ್ಲಿ ವೆಂಕಟಲಕ್ಷ್ಮಿಯ ಎದೆಯ ಮೇಲೆ ಸೇವಂತಿಗೆ ಹಾರ ತಣ್ಣಗೆ ಇಳಿಯಿತು. ಅವಳು ಕಣ್ಣು ತೆರೆಯಲಿಲ್ಲ.