ಅಂಟದ ಕಾಯಿಲೆ

ಅಣ್ಣ ಬಟ್ಟಲಲ್ಲಿ ಸಾಬೂನಿನ ನೊರೆ ಎಬ್ಬಿಸುತ್ತಿದ್ದಂತೆ ಹೆಂಡತಿ ರಬ್ಬರ್ ಗ್ಲೌಸ್ ತಂದು ಮುಂದೆ ಹಿಡಿದಳು.

"ಹಾಕ್ಕೊಂಡು ಮುಟ್ರೀ. ಮನೇಲಿ ಮಕ್ಕಳಿದಾವೆ."

ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ, ಹಲಗೆಯ ಮೇಲೆ, ತಮ್ಮ ಹಳದಿಗಟ್ಟಿ ಮಲಗಿದ್ದ. ಗಡ್ಡ ತೆಗೆದು, ಮೈ ತೊಳೆದು, ಹೊಸ ಅಂಗಿ ತೊಡಿಸಬೇಕು. ಹೆಣ ಹೊರುವವರು ಬಾಗಿಲಾಚೆ ಕಾಯುತ್ತಿದ್ದರು. ಆಚೆ ಎಂದರೆ ನಿಜಕ್ಕೂ ಆಚೆಯೇ. ಹೊಸ್ತಿಲು ದಾಟುವ ಧೈರ್ಯ ಒಬ್ಬರಿಗೂ ಇರಲಿಲ್ಲ.

"ಇಡೀ ಬೀದೀನ ನಗಿಸ್ತಿದ್ದ ಕಣಪ್ಪ," ಎಂದರು ಹಳೆಯ ಗಿರಾಕಿ ಮೇಷ್ಟ್ರು, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ. "ಅದ್ಯಾವ ಹಾಳು ಚರ್ಮರೋಗ ಬಂತೋ!"

ಎದುರಂಗಡಿಯ ದರ್ಜಿ ದನಿ ತಗ್ಗಿಸಿದ. "ಅಂಟುತ್ತಂತೆ ಸಾರ್. ಅವರಣ್ಣನೇ ಹೇಳಿದ್ದು."

ಅಣ್ಣನ ಕಿವಿ ಬಿಸಿಯಾಯಿತು. ಹೇಳಿದ್ದು ಅವನೇ. ಸುಳ್ಳೆಂದು ಗೊತ್ತಾದ ಮೇಲೂ ತುಟಿ ಬಿಚ್ಚದವನೂ ಅವನೇ. ಈಗಲೂ ಹೇಳದಿದ್ದರೆ ತಮ್ಮ ಅಂಟುರೋಗಿಯಾಗಿಯೇ ಮಣ್ಣಾಗುತ್ತಾನೆ. ಹೇಳಿದರೆ, ಹಾಗಾದರೆ ಅವನನ್ನು ಈ ಕೋಣೆಗೆ ತಳ್ಳಿದ್ದೇಕೆ ಎಂದು ಜನ ಕೇಳದೆ ಬಿಡುತ್ತಾರೆಯೇ?

*

ಅಂಗಡಿಯಲ್ಲಿ ಎರಡು ಕುರ್ಚಿ. ತಮ್ಮನ ಕುರ್ಚಿಗೆ ಜನ ಕಾದು ಕೂರುತ್ತಿದ್ದರು, ಅಣ್ಣನದರಲ್ಲಿ ನೊಣ ಕೂರುತ್ತಿತ್ತು. ತಮ್ಮನಿಗೆ ಕತ್ತರಿಗಿಂತ ನಾಲಿಗೆ ಚುರುಕು. ಅರ್ಧ ತಲೆ ಕತ್ತರಿಸಿ, ಕತೆ ಮುಗಿಯುವವರೆಗೆ ಇನ್ನರ್ಧ ಹಾಗೇ ಬಿಡುವ ಆಸಾಮಿ.

ಆಮೇಲೆ ಕೆರೆತ ಶುರುವಾಯಿತು. ಗುಳ್ಳೆಯಿಲ್ಲ, ಕಜ್ಜಿಯಿಲ್ಲ, ಬರೀ ಕೆರೆತ. ಗಿರಾಕಿಯ ಕೆನ್ನೆಗಿಟ್ಟ ಕತ್ತಿಯನ್ನು ಕೆಳಗಿಟ್ಟು ತೋಳು ಕೆರೆದುಕೊಳ್ಳುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

"ವಾಸಿ ಆಗೋವರೆಗೂ ಹಿಂದಿನ ರೂಮಲ್ಲೇ ಇರು ಮಾರಾಯ," ಅಂದಿದ್ದ ಅಣ್ಣ. "ಊಟ ಬಾಗಿಲ ಹತ್ರ ಇಡ್ತೀವಿ."

"ಆಯ್ತಣ್ಣ. ನನ್ನ ಬಾಯಿಗೂ ಒಂದು ರಜೆ ಬೇಕಿತ್ತು."

ಚಳಿಜ್ವರ ಬಂದು ಕಣ್ಣು ಹಳದಿಯಾದ ಮೇಲೆಯೇ ಆಸ್ಪತ್ರೆಗೆ ಒಯ್ದದ್ದು.

"ಪಿತ್ತನಾಳ ಕರುಳಿಗೆ ಸೇರೋ ಕಡೆ ಒಂದು ಪುಟ್ಟ ಬಾಯಿ ಇರುತ್ತೆ," ಎಂದರು ಡಾಕ್ಟರಮ್ಮ. "ನಾಳದಲ್ಲಿರೋ ಕಲ್ಲು ಉಜ್ಜಿ ಉಜ್ಜಿ ಅದು ಊದಿ ಮುಚ್ಚಿಕೊಂಡಿದೆ. ಪಿತ್ತ ಹೋಗೋಕೆ ದಾರಿಯಿಲ್ದೆ ರಕ್ತಕ್ಕೆ ಸೇರಿದೆ. ಕೆರೆತ ಅದರದ್ದು, ಚರ್ಮದ್ದಲ್ಲ."

"ಅಂಟಲ್ವಾ?"

"ಅಂಟೋದೆಲ್ಲಿ ಬಂತು! ಕೆರೆತ ಶುರುವಾದಾಗಲೇ ಬಂದಿದ್ರೆ ಆ ಬಾಯಿ ಬಿಡಿಸಿ ಕಲ್ಲು ತೆಗೀಬಹುದಿತ್ತು. ಈಗ ನಾಳದ ತುಂಬ ಕೀವು."

*

ಒಂದು ಗ್ಲೌಸ್ ಅರ್ಧ ಏರಿತ್ತು. ಅಣ್ಣ ಅದನ್ನು ಕಿತ್ತು ಬಿಸಾಡಿದ.

"ಅಂಟಲ್ಲ ಕಣೇ."

ಹೆಂಡತಿಗೆ ಕೇಳಿಸಿತು, ಬಾಗಿಲಾಚೆಯವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಲು ನಾಚಿಕೆಯಾಗಿ ಕತ್ತಿ ಕೈಗೆತ್ತಿಕೊಂಡ. ಗಡ್ಡ ತೆಗೆದ, ಎದೆ ತೊಳೆದ. ಮೈ ತುಂಬ ಉಗುರಿನ ಗೀರುಗಳು, ಕೆಲವು ಒಣಗಿ ಕಪ್ಪಾಗಿದ್ದವು.

"ಯಾರಾದ್ರೂ ಬನ್ನಿ, ಮಗ್ಗುಲು ತಿರುಗಿಸ್ಬೇಕು," ಎಂದ. ಯಾರೂ ಕದಲಲಿಲ್ಲ. ಕೊನೆಗೆ ಹೆಂಡತಿಯೇ ಸೆರಗು ಸಿಕ್ಕಿಸಿಕೊಂಡು ಬಂದು ಹೆಗಲಿಗೆ ಕೈ ಕೊಟ್ಟಳು.

ಬೆನ್ನಿನ ಮೇಲ್ಭಾಗದಲ್ಲೂ, ಕೆಳಭಾಗದಲ್ಲೂ, ಎರಡು ಪಕ್ಕಗಳಲ್ಲೂ ಅದೇ ಗೀರು. ನಡುವೆ, ತಮ್ಮನ ಕೈಗೆ ಎಟುಕದ ಕಡೆ ಮಾತ್ರ, ಅಂಗೈಯಗಲದ ಚರ್ಮ ಒಂದು ಗೆರೆಯೂ ಇಲ್ಲದೆ ನುಣ್ಣಗಿತ್ತು.

ಹೆಂಡತಿ ಮುಖ ತಿರುಗಿಸಿದಳು. ಅಣ್ಣ ಮಂಡಿಯೂರಿ ಕೂತ. ಬಾಗಿಲಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ, ಬರಿಗೈಯಲ್ಲಿ, ಆ ಜಾಗವನ್ನು ಮೆಲ್ಲಗೆ ಕೆರೆಯತೊಡಗಿದ.