ಒತ್ತದ ಬ್ರೇಕು

ಡ್ವೈಟ್ ಕ್ರೇಮರ್‌ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಅವನ ಹೆಂಡತಿ ಆರ್ಲೀನ್ ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಈ ಬೇಸಿಗೆಯಲ್ಲಿ ಆ ತಮಾಷೆ ಅವಳಿಗೇ ರುಚಿಸುತ್ತಿರಲಿಲ್ಲ. ಪಿಕಪ್ಪಿನ ಹಿಂದೆ ಟ್ರೇಲರ್ ಮನೆಯನ್ನು ಎಳೆದುಕೊಂಡು ನೆಬ್ರಾಸ್ಕಾ ಬಿಟ್ಟಾಗಿನಿಂದ ಒಂದು ಕಡೆ ನೆಟ್ಟಗೆ ಒಂದು ವಾರ ನಿಂತದ್ದಿಲ್ಲ. ಒಗೆದು ಹಾಕಿದ ಬಟ್ಟೆ ಒಣಗುವುದರೊಳಗೆ ಹೊರಡುವ ಮಾತು. ಮೊಂಟಾನಾದ ಈ ನದಿ ದಂಡೆಯ ಬಿಡಾರದಲ್ಲಿ ಪೈನ್ ಮರಗಳ ನೆರಳಿತ್ತು, ನೀರಿನಲ್ಲಿ ಮೀನಿತ್ತು, ಸ್ನಾನಕ್ಕೆ ಬಿಸಿನೀರೂ ಇತ್ತು. ಆದರೂ ಇವತ್ತು ಕಾಫಿ ಆರುವ ಮೊದಲೇ ಡ್ವೈಟ್ ಘಟ್ಟದಾಚೆಯ ಸರೋವರಕ್ಕೆ ಹೊರಡಲು ಕುರ್ಚಿಗಳನ್ನು ಮಡಿಸತೊಡಗಿದ್ದ.

"ಕೂತ್ಕೊಂಡು ಕಾಫಿ ಕುಡಿಯಯ್ಯಾ. ಆ ಸರೋವರ ಎಲ್ಲಿಗೂ ಎದ್ದು ಹೋಗಲ್ಲ."

"ಗಾಳಿ ಏಳೋದ್ರೊಳಗೆ ಘಟ್ಟ ದಾಟ್ಬೇಕು ಕಣೇ. ಹೊತ್ತೇರಿದ್ರೆ ಟ್ರೇಲರ್ ಬಾಲ ಅಲ್ಲಾಡ್ಸೋಕೆ ಶುರು ಮಾಡುತ್ತೆ."

ಆ ಘಟ್ಟವನ್ನು ನೆನೆದರೇ ಆರ್ಲೀನ್‌ಳಿಗೆ ಭಯವಾಗುತ್ತಿತ್ತು. ಒಂದು ಬದಿ ಬಂಡೆ, ಇನ್ನೊಂದು ಬದಿ ಬರೀ ಆಕಾಶ. ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿ ಅದಕ್ಕೊಂದು ಗೀರೂ ಬೀಳಿಸದ ಮನುಷ್ಯನಿಗೆ ಘಟ್ಟವೇನೂ ದೊಡ್ಡದಲ್ಲ, ಅದು ಅವಳಿಗೂ ಗೊತ್ತು. ಅವನ ಕೈಯ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಕಣ್ಣಿನ ಬಗ್ಗೆ.

ಇಲ್ಲಿಗೆ ಬರುವಾಗ ಹೆದ್ದಾರಿಯಲ್ಲಿ ಗಾಡಿ ಬಲಕ್ಕೆ ಸರಿದು ಅಂಚಿನ ಬಿಳಿ ಗೆರೆಯನ್ನು ಮೆಟ್ಟಿ ಗಡಗಡ ಸದ್ದು ಮಾಡಿತ್ತು. "ಗಾಳಿ," ಎಂದಿದ್ದ ಡ್ವೈಟ್. ಆಚೆಯ ಹುಲ್ಲು ಅಲುಗುತ್ತಿರಲಿಲ್ಲ. ಅಷ್ಟಾದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ನಿನ್ನೆ ಹಗ್ಗದ ಪ್ರಸಂಗ ನಡೆದುಹೋಯಿತು.

ಬಿಡಾರದ ಕಟ್ಟುಪಾಡುಗಳನ್ನು ಕಾಯಲು ಡ್ವೈಟ್‌ನನ್ನು ಯಾರೂ ನೇಮಿಸಿರಲಿಲ್ಲ, ಅವನೇ ನೇಮಿಸಿಕೊಂಡಿದ್ದ. ಕುಡಿಯುವ ನೀರಿನ ನಲ್ಲಿಯಲ್ಲಿ ಪಾತ್ರೆ ತೊಳೆದರೆ ಅವನ ಉಪದೇಶ, ನಾಯಿಯ ಹಗ್ಗ ಬಿಚ್ಚಿದರೆ ಉಪದೇಶ. ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಇನ್ನೊಬ್ಬರು ಬಿಡಾರ ಹೂಡಿದ ಜಾಗದ ನಡುವೆ ಹಾದುಹೋಗುವುದು. ಬೇಲಿ ಇಲ್ಲದಿದ್ದರೂ ಅದು ಅವರ ಮನೆಯ ಅಂಗಳ. ಶೌಚಕ್ಕೆ ಅವಸರವಾದರೂ ಸುತ್ತಿಕೊಂಡೇ ಹೋಗಬೇಕು. ಪಕ್ಕದ ಬಿಡಾರದ ಕೋರಿನ್ ಎಂಬ ಮೂರು ಮಕ್ಕಳ ತಾಯಿಗೆ ಅವನು ಬಂದ ದಿನವೇ ಈ ಪಾಠ ಒಪ್ಪಿಸಿದ್ದ, ಅವಳ ಮಕ್ಕಳು ಇವರ ಮೇಜಿನ ಪಕ್ಕದಲ್ಲೇ ಓಡಿಹೋದರೆಂದು.

ಅಂಥವನು ನಿನ್ನೆ ಮಟಮಟ ಮಧ್ಯಾಹ್ನ ಕೋರಿನ್‌ಳ ಅಂಗಳದೊಳಕ್ಕೇ ನಡೆದು, ಮಕ್ಕಳ ಈಜುಡುಗೆ ಒಣಹಾಕಿದ್ದ ಹಗ್ಗಕ್ಕೆ ಎದೆ ಕೊಟ್ಟು, ಉಡುಗೆಗಳ ಸಮೇತ ನೆಲಕ್ಕೆ ಬಿದ್ದಿದ್ದ.

"ನಂಗೆ ಪಾಠ ಹೇಳಿದ್ರಲ್ಲ ನಿಮ್ಮೆಜಮಾನ್ರು, ಈಗ ಅವ್ರಿಗ್ಯಾರು ಹೇಳೋದು?" ಎಂದು ಕೋರಿನ್ ನಗುತ್ತಲೇ ಚುಚ್ಚಿದ್ದಳು.

"ದಾರೀಲಿ ಹಗ್ಗ ಕಟ್ಟೋರಿಗೆ ಬುದ್ಧಿ ಬೇಡ್ವಾ?" ಎಂದು ಡ್ವೈಟ್ ಸಿಡುಕಿದ್ದ.

ಅದು ದಾರಿಯಾಗಿರಲಿಲ್ಲ. ಹಗ್ಗ ಹಳದಿಯದು, ಉಡುಗೆಗಳು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದವು. ಆರ್ಲೀನ್ ರಾತ್ರಿಯಿಡೀ ಮಗ್ಗುಲು ಬದಲಿಸಿದ್ದಳು.

ಈಗ ಮಾತೆತ್ತಬೇಕು ಎಂದು ಅವಳು ಹತ್ತಿರ ಹೋದರೆ ಅವನು ಆಗಲೇ ಪಿಕಪ್ಪನ್ನು ಹಿಂದಕ್ಕೆ ತಂದು ನಿಲ್ಲಿಸಿ ಟ್ರೇಲರಿನ ಮೂತಿಯ ಬಳಿ ಮಂಡಿಯೂರಿದ್ದ.

"ಡ್ವೈಟ್, ಒಂದು ಮಾತು."

"ಕೊಂಡಿ ಹಾಕ್ತಿದೀನಿ."

ಅಲ್ಲಿಗೆ ಮುಗಿಯಿತು. ಕೊಂಡಿ ಹಾಕುವವರನ್ನು ಮಾತಾಡಿಸಬಾರದು. ಮಾತಿನ ಭರದಲ್ಲಿ ಒಂದು ಪಿನ್ನು ಮರೆತರೆ ಮನೆಯೇ ದಾರಿಯಲ್ಲಿ ಕಳಚಿಕೊಳ್ಳುತ್ತದೆ. ಒಳ್ಳೆಯ ಕಟ್ಟುಪಾಡೇ. ಆದರೆ ಈ ಬೇಸಿಗೆಯಲ್ಲಿ ಅವನು ಅದರ ಹಿಂದೆ ಅಡಗಿ ಕೂರುತ್ತಿದ್ದಾನೆ ಎಂದು ಅವಳಿಗೆ ಅನಿಸಿತ್ತು. ನಾನು ಬಾಯಿ ತೆರೆದಾಗೆಲ್ಲ ಇವನ ಕೈಯಲ್ಲಿ ಒಂದು ಕೊಂಡಿ ಇರುತ್ತದಲ್ಲ!

ಅವಳು ನಿಂತು ನೋಡಿದಳು. ಬೆರಳಿಗೆ ಗ್ರೀಸ್ ತೆಗೆದುಕೊಂಡು ಪಿಕಪ್ಪಿನ ಹಿಂದೆ ಚಾಚಿದ ಉಕ್ಕಿನ ಗುಂಡಿನ ಮೇಲೆ ಸವರಿದ. ಟ್ರೇಲರಿನ ಮೂತಿಯನ್ನು ಇಳಿಸಿ, ಅದು ಗುಂಡನ್ನು ಕಚ್ಚಿದ ಸದ್ದಿಗೆ ತಲೆಯಾಡಿಸಿದ. ಪಿನ್ನು ತೂರಿಸಿದ. ಸರಪಳಿಗಳನ್ನು ಅಡಿಯಲ್ಲಿ ಕತ್ತರಿಯಂತೆ ದಾಟಿಸಿ ಸಿಕ್ಕಿಸಿದ. ಗಾಲಿಯ ನಟ್ಟುಗಳನ್ನು ಒಂದೊಂದಾಗಿ ಸ್ಪ್ಯಾನರ್ ಹಾಕಿ ಬಿಗಿದ. ಅವನು ಆಚೆ ಹೋದಾಗ ಅವಳು ಕಳ್ಳಿಯಂತೆ ಬಗ್ಗಿ ಎಲ್ಲವನ್ನೂ ಜಗ್ಗಿ ನೋಡಿದಳು. ಒಂದೂ ತಪ್ಪಿರಲಿಲ್ಲ. ಹಾಗಾದರೆ ನನಗೇ ಅರಳುಮರಳೇ ಎಂದುಕೊಂಡಳು. ಆಮೇಲೆ ಹೊಳೆಯಿತು, ಇಷ್ಟೂ ಹೊತ್ತು ಅವನ ಮುಖ ನದಿಯ ಕಡೆಗೇ ಇತ್ತು. ಕೆಲಸ ಮಾಡಿದ್ದು ಬೆರಳುಗಳು.

"ಹತ್ತು, ದೀಪ ನೋಡ್ಬಿಡೋಣ," ಎಂದ ಡ್ವೈಟ್.

ಹೊರಡುವ ಮುಂಚಿನ ಕೊನೆಯ ಶಾಸ್ತ್ರ ಇದು. ಆರ್ಲೀನ್ ಚಾಲಕನ ಸೀಟಿನಲ್ಲಿ ಕೂತು ಒಂದೊಂದೇ ದೀಪ ಹಾಕಬೇಕು, ಅವನು ಟ್ರೇಲರಿನ ಹಿಂದೆ ನಿಂತು ನೋಡಿ ಕೂಗಬೇಕು. ಅವಳು ಎಡ ಇಂಡಿಕೇಟರ್ ಹಾಕಿದಳು. "ಎಡ, ಸರಿ!" ಬಲ ಹಾಕಿದಳು. "ಬಲ, ಸರಿ! ಈಗ ಬ್ರೇಕು!"

ಅವಳ ಪಾದ ಬ್ರೇಕಿನ ಮೇಲೆ ಹೋಗಿ, ಒತ್ತದೆ, ಗಾಳಿಯಲ್ಲೇ ನಿಂತಿತು. ಯೋಚಿಸಿ ಮಾಡಿದ್ದಲ್ಲ. ಬದಿಯ ಕನ್ನಡಿಯಲ್ಲಿ ಟ್ರೇಲರಿನ ಹಿಂದಿನಿಂದ ಚಾಚಿದ ಅವನ ತೋಳು ಕಂಡಿತು, ಹೆಬ್ಬೆರಳು ಮೇಲೆ.

"ಬ್ರೇಕು, ಸರಿ!"

"ಎರಡೂ ಉರೀತಿದ್ಯಾ?" ಎಂದು ಅವಳು ಕೂಗಿದಳು.

"ಎರಡೂ! ಕೆಂಪಗೆ, ಚೆನ್ನಾಗಿ!"

ಆ "ಚೆನ್ನಾಗಿ" ಅವಳ ಕರುಳಿಗೆ ತಾಗಿತು. ಮೊದಲು ಉಕ್ಕಿದ್ದು ಸಿಟ್ಟು: ಈ ಕಣ್ಣಿಟ್ಟುಕೊಂಡು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟ ಹತ್ತುತ್ತಿದ್ದನಲ್ಲ! ಅದರ ಬೆನ್ನಿಗೇ, ಗಂಡನಿಗೆ ಬೋನು ಇಟ್ಟೆನಲ್ಲ ಎಂಬ ನಾಚಿಕೆ.

ಡ್ವೈಟ್ ಬಂದು ಬಾಗಿಲು ತೆರೆದ. "ಹೂಂ, ಸರ್ಕೋ."

ಅವಳು ಸರಿಯಲಿಲ್ಲ.

"ಏನೇ ಇದು? ಇಳಿ."

"ನಾನು ಬ್ರೇಕ್ ಒತ್ಲೇ ಇಲ್ಲ, ಡ್ವೈಟ್."

ಅವನ ಮುಖ ಕೆಂಪಾಯಿತು. "ನನ್ನ ಪರೀಕ್ಷೆ ಮಾಡ್ತೀಯಾ? ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬಿಸಿಲು ನಿನ್ನ ಬೆನ್ನ ಹಿಂದಿತ್ತು."

"ಜನ ನೋಡ್ತಿದಾರೆ, ಇಳಿಯೇ."

ನೋಡುತ್ತಿದ್ದರು ನಿಜ. ಹೊರಡುವವರನ್ನು ದಿಟ್ಟಿಸಬಾರದು ಎಂಬುದೂ ಒಂದು ಕಟ್ಟುಪಾಡು, ಆದ್ದರಿಂದ ಸುತ್ತಲಿನವರೆಲ್ಲ ಕಾಫಿ ಲೋಟದ ಅಂಚಿನಿಂದ ನೋಡುತ್ತಿದ್ದರು. ಕೋರಿನ್ ಒಬ್ಬಳೇ ಬೇಕೆಂದು ಬೆನ್ನು ತಿರುಗಿಸಿ ಇಲ್ಲದ ಕಸ ಹೆಕ್ಕುತ್ತಿದ್ದಳು.

"ನೋಡ್ಲಿ," ಎಂದಳು ಆರ್ಲೀನ್. "ಯಾವಾಗಿಂದ ಹೀಗೆ?"

ಅವನು ತೆರೆದ ಬಾಗಿಲಿಗೆ ಒರಗಿದ. ಅವನ ದನಿಯಲ್ಲಿ ಈಗ ಜಗಳ ಉಳಿದಿರಲಿಲ್ಲ.

"ಚಳಿಗಾಲದಿಂದ. ನಡೂಮಧ್ಯ ಬೂದಿ ಎರಚಿದ ಹಾಗೆ. ಅಂಚಲ್ಲಿ ಇರೋದು ಕಾಣುತ್ತೆ, ನೋಡ್ಬೇಕು ಅಂತ ನೋಡಿದ್ದು ಕಾಣಲ್ಲ. ವಾಸಿಯಾಗೋದಲ್ಲ ಅಂದ್ರು ಡಾಕ್ಟ್ರು."

"ನನ್ನ ಮುಖ?"

"ದನಿ ಕೇಳುತ್ತಲ್ಲ, ಅದಕ್ಕೆ ಮುಖ ನಾನೇ ಕೂರಿಸ್ಕೋತೀನಿ." ನಗಲು ಹೋದ, ಆಗಲಿಲ್ಲ. "ಹೇಳಿದ್ರೆ ಟ್ರೇಲರ್ ಮಾರ್ಬಿಡೋಣ ಅಂತಿದ್ದೆ ನೀನು. ಅಂಚಲ್ಲಾದ್ರೂ ಕಾಣೋವಾಗ್ಲೇ ಎಲ್ಲಾ ನೋಡ್ಬಿಡೋಣ ಅಂತ... ಆ ಸರೋವರ ಹಸಿರಿದೆಯಂತೆ. ಅದೊಂದು ನೋಡಿ ಕೀಲಿಕೈ ನಿನ್ನ ಕೈಗೆ ಕೊಡ್ತಿದ್ದೆ, ಆಣೆ."

"ಘಟ್ಟದಿಂದ ಬಿದ್ದ ಮೇಲೆ ಕೊಡ್ತಿದ್ಯಾ?" ಎಂದಳು. ಹಾಗೆಂದವಳ ಕಣ್ಣಿನಲ್ಲೇ ನೀರು.

ಇನ್ನೊಂದು ದಿನ ಇರೋಣ, ಇನ್ನೊಂದೇ ದಿನ ಎಂದು ಬೇಸಿಗೆಯಿಡೀ ಗೋಗರೆದವಳು ಅವಳು. ಈಗ ನೋಡಿದರೆ ಅವಳ ಕಾಲೇ ನಿಲ್ಲುತ್ತಿರಲಿಲ್ಲ. ಇವತ್ತೇ, ಈಗಲೇ, ಆ ಹಸಿರನ್ನು ಇವನ ಕಣ್ಣ ಅಂಚಿಗೆ ತಂದು ಹಿಡಿಯಬೇಕು.

"ಆ ಕಡೆಯಿಂದ ಬಂದು ಹತ್ತು. ಘಟ್ಟ ಬೇಡ, ನದಿ ಪಕ್ಕದ ದಾರೀಲಿ ಸುತ್ಕೊಂಡು ಹೋಗೋಣ. ನಾನೇ ಓಡಿಸ್ತೀನಿ."

"ನೀನು ಬಯಲಲ್ಲಿ ಅಷ್ಟಿಷ್ಟು ಓಡ್ಸಿರೋದು."

"ಮಿಕ್ಕಿದ್ದು ನೀನು ಹೇಳ್ಕೊಡು. ಊರಿಗೆಲ್ಲ ಪಾಠ ಹೇಳ್ತೀಯ, ನಂಗೂ ಹೇಳು."

ಅವನು ಪಿಕಪ್ಪಿನ ಮೈಯನ್ನು ಕೈಯಿಂದ ಸವರುತ್ತ ಸುತ್ತಿ ಬಂದು ಹತ್ತಿದ. ಅವಳು ಗೇರು ಹಾಕಿ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಗುರುಗುಟ್ಟಿತು, ಗಾಡಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಗಾಲಿಗೆ ಕೊಟ್ಟಿರೋ ಮರದ ತುಂಡು ತೆಗ್ದಿದ್ಯಾ?" ಎಂದ ಡ್ವೈಟ್.

ತೆಗೆದಿರಲಿಲ್ಲ. ಅದು ಅವಳದೇ ಕೆಲಸ, ಜಗಳದಲ್ಲಿ ಮರೆತಿದ್ದಳು. ಬಾಗಿಲು ತೆರೆಯುವಷ್ಟರಲ್ಲಿ ಕೋರಿನ್ ಓಡಿಬಂದು ತುಂಡುಗಳನ್ನು ಎಳೆದು, ಪಿಕಪ್ಪಿನ ಹಿಂಬದಿಗೆ ಎಸೆದು, "ಹೋಗ್ಬನ್ನಿ!" ಎಂದು ತಗಡಿನ ಮೇಲೆ ಬಡಿದಳು. ಡ್ವೈಟ್ ದನಿ ಬಂದ ಕಡೆಗೆ ತಿರುಗಿ ಟೋಪಿ ಎತ್ತಿದ. "ನಿನ್ನೆ ಆಗಿದ್ದು ನನ್ನ ತಪ್ಪಮ್ಮಾ," ಎಂದ.

ಬಿಡಾರದ ಮಣ್ಣು ದಾರಿ ಹೆದ್ದಾರಿಗೆ ಸೇರುವಲ್ಲಿ ಅವಳು ನಿಲ್ಲಿಸಿದಳು. ಎಡಕ್ಕೆ ತಿರುಗಬೇಕು. ಬಲಗಡೆಯನ್ನು ನೋಡಲು ಆ ಬದಿಯ ಸೀಟಿನಲ್ಲಿದ್ದ ಅವನ ಎದೆ ಅಡ್ಡವಿತ್ತು. ಇಂಥ ಕಡೆಯಲ್ಲೆಲ್ಲ ಅವನು ಕೇಳುತ್ತಿದ್ದ, ಅವಳು ನೋಡಿ ಹೇಳುತ್ತಿದ್ದಳು. ರೂಢಿಯಿಂದ ಅವಳ ಬಾಯಲ್ಲೂ ಅದೇ ಬಂತು.

"ಬಲಗಡೆ ಖಾಲಿನಾ?"

ಡ್ವೈಟ್ ಕಿಟಕಿಗೆ ವಾಲಿದ. ಕತ್ತು ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ. "ಖಾಲಿ..." ಎಂದು ಶುರುಮಾಡಿದವನು ಅಲ್ಲೇ ತಡೆದ. ಅವನ ಕೈ ಬಂದು ಅವಳ ಮೊಣಕೈ ಹಿಡಿಯಿತು.

"ಕಾಣ್ತಿಲ್ಲ ಆರ್ಲೀನ್. ನೀನೇ ನೋಡು."

ಅವಳು ಅವನ ಎದೆಯ ಮುಂದೆ ಬಾಗಿ ನೋಡಿದಳು. ಮರದ ದಿಮ್ಮಿ ಹೇರಿದ ಲಾರಿಯೊಂದು ತಿರುವಿನಿಂದ ಬಂದು ಪಿಕಪ್ಪನ್ನು ನಡುಗಿಸಿ ಹಾದುಹೋಯಿತು. ಇಬ್ಬರೂ ಅದರ ಸದ್ದು ಅಡಗುವವರೆಗೂ ಕಾದರು.

"ಈಗ ಖಾಲಿ," ಎಂದಳು.

"ಹಾಗಾದ್ರೆ ಹೊರಡು. ಬೇಗ ತಿರುಗಿಸ್ಬೇಡ, ಹಿಂದಿನ ಗಾಲಿ ಹಳ್ಳಕ್ಕಿಳಿಯುತ್ತೆ." ಅವನು ಕಣ್ಣು ಮುಚ್ಚಿ ಸೀಟಿಗೆ ಬೆನ್ನು ಒತ್ತಿ, ಹಿಂದಿನ ಮನೆಯ ಎಳೆತವನ್ನು ಮೈಯಲ್ಲೇ ಅಳೆಯುತ್ತಿದ್ದ. "ಇನ್ನೂ ಸ್ವಲ್ಪ ಮುಂದೆ. ಇನ್ನೂ... ಹಾಂ, ಈಗ ತಿರುಗ್ಸು."